ಸಣ್ಣಕ್ಕನ ಮನೆಯ ಕನಕಾಂಬರ ಪರದೆ

ಸೀತೂರಿನ ಸಣ್ಣಕ್ಕನಿಗೆ ಅರೆತಲೆನೋವು ಶುರುವಾದದ್ದು ಅವಳು ಮೈನೆರೆದ ವರ್ಷ. ಮೊದಲು ಬಲಗಣ್ಣಿನ ಅಂಚಿನಲ್ಲಿ ಬೆಳಕು ನಡುಗುತ್ತಿತ್ತು, ಕಾದ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗಿದ ಹಾಗೆ. ಆಮೇಲೆ ಹುಬ್ಬಿನ ಮೇಲೆ ಒಂದೇ ಕಡೆ ಬಡಿತ. ವಾಂತಿಯಾಗುವವರೆಗೆ ಅದು ಬಿಡುತ್ತಿರಲಿಲ್ಲ. ಕೆಲವು ಸಲ ವಾಂತಿಯಾದರೂ ಬಿಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಬೆಳಕು ಆಗದು, ಪಾತ್ರೆಯ ಸದ್ದು ಆಗದು, ಒಗ್ಗರಣೆಯ ವಾಸನೆ ಆಗದು. ಕತ್ತಲಿರುವ ಮೂಲೆ ಹಿಡಿದು ಕಣ್ಣು ಮುಚ್ಚಿ ಮಲಗಬೇಕು. ಅವಳಿಗೆ ಗೊತ್ತಿದ್ದ ಮದ್ದು ಅದೊಂದೇ.

ಆದರೆ ಕೂಲಿ ಮಾಡಿ ಉಣ್ಣುವ ಮನೆಯಲ್ಲಿ ಹಗಲು ಮಲಗುವವರೆಂದರೆ ಒಂದೋ ಹಸುಗೂಸು, ಇಲ್ಲವೆ ಏಳಲಾರದ ಮುದುಕರು. ಸಣ್ಣಕ್ಕ ಗಟ್ಟಿಮುಟ್ಟಾದ ಹೆಣ್ಣು. ನೋವು ಬಿಟ್ಟ ಮರುದಿನ ಗಂಡಾಳುಗಳ ಸಮಕ್ಕೆ ನಿಂತು ಶುಂಠಿ ಗದ್ದೆಯಲ್ಲಿ ಮಣ್ಣು ಏರಿಸುತ್ತಿದ್ದಳು. ಅವಳನ್ನು ಯಾರೂ ನಂಬದೆ ಹೋದದ್ದಕ್ಕೆ ಅದೇ ಕಾರಣವಾಯಿತು. ನಿನ್ನೆ ಸತ್ತ ಹಾಗೆ ಬಿದ್ದಿದ್ದವಳು ಇವತ್ತು ಹೀಗೆ ಗುದ್ದಲಿ ಬೀಸುತ್ತಾಳೆಂದರೆ ನಿನ್ನೆಯದು ನಾಟಕ ಎಂದು ತವರಿನಲ್ಲಿ ಅಂದರು. ಮದುವೆಯಾಗಿ ಸೀತೂರಿಗೆ ಬಂದ ಮೇಲೆ ಇಲ್ಲಿಯೂ ಅಂದರು.

ಗಂಡ ಪುಟ್ಟಪ್ಪ ಕಳೆ ಹೊಡೆಯುವ ಮಿಷನ್ ಹೆಗಲಿಗೆ ಹಾಕಿಕೊಂಡು ತೋಟದಿಂದ ತೋಟಕ್ಕೆ ಹೋಗುವವನು. ಕೆಟ್ಟವನಲ್ಲ. ಮಾತು ಕಡಿಮೆ. ಹೆಂಡತಿಯ ಪರವಾಗಿಯೂ ಕಡಿಮೆ. ಮನೆಯಲ್ಲಿ ನಡೆಯುತ್ತಿದ್ದುದು ಅತ್ತೆ ಭೈರಮ್ಮನ ಮಾತು. ಅವಳು ಗಂಡನನ್ನು ಬೇಗ ಕಳೆದುಕೊಂಡು, ಜ್ವರದಲ್ಲೂ ನಾಟಿಗೆ ಇಳಿದು, ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಮೈ ಸರಿಯಿಲ್ಲ ಎನ್ನುವ ಮಾತೇ ಅವಳಿಗೆ ಆಗಿಬರುತ್ತಿರಲಿಲ್ಲ. ಮೊದಮೊದಲು ಸೊಸೆಗೆ ಯಾವುದೋ ಗಾಳಿ ಸೋಕಿದೆ ಎಂದು ನಂಬಿ, ಕೆರೆಕಟ್ಟೆ ಕಡೆಯ ಮಂತ್ರ ಹಾಕುವ ಒಬ್ಬರ ಹತ್ತಿರ ಕರೆದುಕೊಂಡು ಹೋಗಿ ತೋಳಿಗೆ ದಾರ ಕಟ್ಟಿಸಿದಳು. ದಾರ ಹಳತಾಗಿ ಹರಿದುಬಿದ್ದರೂ ನೋವು ಹೋಗದಿದ್ದಾಗ, ಇದು ಗಾಳಿಯಲ್ಲ, ಸೋಮಾರಿತನ ಎಂದು ತೀರ್ಮಾನಿಸಿದಳು.

ಆಮೇಲೆ ಸಣ್ಣಕ್ಕ ಹೇಳುವುದನ್ನೇ ಬಿಟ್ಟಳು. ಹಳೆಯ ಮನೆಯ ಬಚ್ಚಲಿಗೆ ಕಿಟಕಿ ಇರಲಿಲ್ಲ. ಗೋಡೆಗಳು ಹೊಗೆ ಹಿಡಿದು ಕಪ್ಪಾಗಿದ್ದವು. ಬಾಗಿಲು ಹಾಕಿದರೆ ನಡುಹಗಲಲ್ಲೂ ಕೈಗೆ ಕೈ ಕಾಣುತ್ತಿರಲಿಲ್ಲ. ತಲೆ ಸಿಡಿಯಲು ಶುರುವಾದರೆ ಬಟ್ಟೆ ಒಗೆಯುತ್ತೇನೆಂದು ಹೇಳಿ ಅಲ್ಲಿಗೆ ಹೋಗಿ, ಒದ್ದೆ ಟವೆಲು ಕಣ್ಣಿಗೆ ಕಟ್ಟಿಕೊಂಡು, ಹಂಡೆಯ ಪಕ್ಕದ ತಣ್ಣನೆಯ ಕಲ್ಲಿನ ಮೇಲೆ ಮುದುಡಿ ಮಲಗುತ್ತಿದ್ದಳು. ಯಾರಾದರೂ ಕರೆದರೆ ಕೈ ಚಾಚಿ ಬಕೆಟ್ಟಿನ ನೀರು ಕಲಕಿ ಸದ್ದು ಮಾಡುತ್ತಿದ್ದಳು. ಮಗಳು ಚೇತನಾ ಹುಟ್ಟಿ ಬೆಳೆದು ಶಾಲೆಗೆ ಹೋಗುವಷ್ಟಾದರೂ ಇದು ಹೀಗೆಯೇ ನಡೆಯಿತು.

ಆ ಮನೆಯನ್ನು ಕೆಡವಿ ಹೊಸ ಮನೆ ಕಟ್ಟಿದ್ದು ಪುಟ್ಟಪ್ಪನ ತಮ್ಮ ಯೋಗೇಶ. ಎನ್.ಆರ್. ಪುರದಲ್ಲಿ ಸಂಸಾರ ಹೂಡಿ, ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟ್ ಹಿಡಿದು ಅವನು ಮೇಲೆ ಬಂದಿದ್ದ. ಅಣ್ಣನ ಮನೆಯನ್ನು ಪ್ರೀತಿಯಿಂದಲೇ ಕಟ್ಟಿದ. ತಾವು ಹುಟ್ಟಿ ಬೆಳೆದದ್ದು ಕತ್ತಲ ಗೂಡಿನಲ್ಲಿ, ಇನ್ನು ಮನೆಯ ತುಂಬ ಬೆಳಕಿರಬೇಕು ಎಂದು ಕೋಣೆಗಳಿಗೆ ದೊಡ್ಡ ದೊಡ್ಡ ಗಾಜಿನ ಕಿಟಕಿ ಇಟ್ಟ. ಒಳಕೋಣೆಯ ಪಡುವಣ ಗೋಡೆಯಲ್ಲಂತೂ ಅರ್ಧ ಗೋಡೆಯೇ ಕಿಟಕಿ. ಬಚ್ಚಲಿಗೂ ಬಿಳಿ ಟೈಲ್ಸು, ಮೇಲೆ ಗಾಜಿನ ಗವಾಕ್ಷಿ. ಗೃಹಪ್ರವೇಶಕ್ಕೆ ಬಂದವರೆಲ್ಲ ಕಿಟಕಿಯ ಮುಂದೆ ನಿಂತು ಹೊಗಳಿದರು. ಭೈರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಣ್ಣಕ್ಕನಿಗೂ ಸಂತೋಷವಾಗದೆ ಇರಲಿಲ್ಲ. ಆದರೆ ಅದೇ ತಿಂಗಳು ತಲೆನೋವು ಬಂದ ದಿನ, ಈ ಮನೆಯಲ್ಲಿ ತನಗೆ ತಲೆ ಇಡಲು ಜಾಗವೇ ಇಲ್ಲ ಎಂಬುದು ಗೊತ್ತಾಯಿತು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಕೆಂಪು. ಸೀರೆ ಕಟ್ಟಿದಳು, ಕಂಬಳಿ ಕಟ್ಟಿದಳು. ಸೀರೆಯ ನೂಲಿನ ಸಂದಿಯಿಂದ ಬಿಸಿಲು ಸೋರಿತು. ಕಂಬಳಿಯನ್ನು ಕಂಡ ಭೈರಮ್ಮ, ಇಷ್ಟು ಚಂದದ ಕಿಟಕಿಗೆ ಹೊಲಸು ನೇತುಹಾಕುತ್ತಾಳೆ ಎಂದು ಕಿತ್ತು ಅಂಗಳಕ್ಕೆ ಎಸೆದಳು. ಸಣ್ಣಕ್ಕ ಅದನ್ನು ಮಡಿಸಿಟ್ಟು, ಕಣ್ಣಿಗೆ ಟವೆಲು ಕಟ್ಟಿಕೊಂಡು ಕೂತಳು. ಅಭ್ಯಾಸವಾಗಿ ಹೋಗಿತ್ತು.

ಅಭ್ಯಾಸ ಮುರಿದದ್ದು ಚೇತನಾಳಿಂದ. ಅವಳು ಒಂಬತ್ತನೇ ತರಗತಿಯಲ್ಲಿದ್ದಳು. ಒಂದು ಮಧ್ಯಾಹ್ನ ಸಣ್ಣಕ್ಕ ಕೆಲಸದಿಂದ ಬಂದಾಗ ಹುಡುಗಿಯ ಚೀಲ ಜಗಲಿಯ ಮೇಲಿತ್ತು, ಹುಡುಗಿ ಎಲ್ಲೂ ಇರಲಿಲ್ಲ. ಕೂಗಿದರೂ ಓಗೊಡಲಿಲ್ಲ. ಒಳಕೋಣೆಗೆ ಹೋಗಿ ನೋಡಿದರೆ ಮಂಚದಿಂದ ನೆಲದವರೆಗೆ ಕಂಬಳಿ ಇಳಿಬಿದ್ದಿತ್ತು. ಎತ್ತಿದಳು. ಮಂಚದ ಕೆಳಗೆ, ಹಳೆಯ ಪೆಟ್ಟಿಗೆಗಳ ನಡುವೆ, ಮಗಳು ಮುದುಡಿ ಮಲಗಿದ್ದಳು. ಕಣ್ಣಿಗೆ ಒದ್ದೆ ಟವೆಲು.

ಸಣ್ಣಕ್ಕ ನೆಲದ ಮೇಲೆ ಕೂತು, ಎಷ್ಟು ದಿನದಿಂದ ಹೀಗೆ ಎಂದು ಮೆಲ್ಲಗೆ ಕೇಳಿದಳು. ಹೋದ ವರ್ಷದಿಂದ ಎಂದಳು ಹುಡುಗಿ. ಯಾಕೆ ಹೇಳಲಿಲ್ಲ ಎಂದು ತಾಯಿ ಕೇಳಿದಳು.

"ಅಜ್ಜಿ ನಿಂಗೆ ಅಂತಾರಲ್ಲ, ಹಂಗೇ ನಂಗೂ ಅಂತಾರೆ ಅಂತ," ಎಂದಳು ಚೇತನಾ ಟವೆಲು ತೆಗೆಯದೆ. "ನೀನೇ ಹೇಳಲ್ಲ. ನಾನು ಹೆಂಗೆ ಹೇಳಲಿ?"

ತಾನು ಬಾಯಿಮುಚ್ಚಿ ಸಹಿಸಿದ್ದು ತನ್ನ ಒಬ್ಬಳ ಪಾಡು ಎಂದುಕೊಂಡಿದ್ದಳು ಸಣ್ಣಕ್ಕ. ಮಗಳು ಅದನ್ನು ನೋಡಿ ನೋಡಿ ಹೀಗೆ ಬಚ್ಚಿಟ್ಟುಕೊಳ್ಳುವುದನ್ನು ಕಲಿತಿದ್ದಾಳೆ ಎಂಬುದು ಆ ನೆಲದ ಮೇಲೆ ಕೂತಾಗ ಹೊಳೆಯಿತು. ಹೊಳೆದ ಮೇಲೆ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಆ ವಾರವೇ ಕೆಲಸಕ್ಕೆ ರಜೆ ಹೇಳಿ ಮಗಳನ್ನು ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಹುಡುಗಿಯನ್ನು ಪರೀಕ್ಷಿಸಿ, ತಾಯಿಗೂ ಇದೆಯೇ ಎಂದು ಕೇಳಿದರು. ಇದೆ ಎಂದಾಗ ಆಶ್ಚರ್ಯಪಡಲಿಲ್ಲ. ತಾಯಿಯಿಂದ ಮಗಳಿಗೆ ಬರುವುದು ಸಾಮಾನ್ಯ ಎಂದರು. ಸಣ್ಣಕ್ಕ ಕುರ್ಚಿಯ ತುದಿಗೆ ಸರಿದು ಕೂತು, ಇಷ್ಟು ವರ್ಷ ಯಾರನ್ನೂ ಕೇಳದಿದ್ದ ಪ್ರಶ್ನೆ ಕೇಳಿದಳು.

"ಇದು ಖಾಯಿಲೆಯಾ ಅಮ್ಮ, ಇಲ್ಲ ನಾವು ಮಾಡ್ಕೊಳ್ಳೋದಾ?"

"ಖಾಯಿಲೆ," ಎಂದರು ಡಾಕ್ಟರಮ್ಮ. "ಮೈಗ್ರೇನ್ ಅಂತ. ಯಾರೂ ಬೇಕು ಅಂತ ಮಾಡ್ಕೊಳ್ಳಲ್ಲ."

ಇಬ್ಬರಿಗೂ ಮಾತ್ರೆ ಬರೆದುಕೊಟ್ಟು, ನೋವು ಶುರುವಾಗುತ್ತಿದ್ದ ಹಾಗೆ ನುಂಗಿ ಸದ್ದಿಲ್ಲದ ಕತ್ತಲೆ ಕೋಣೆಯಲ್ಲಿ ಮಲಗಬೇಕು ಎಂದರು. ಕತ್ತಲೆ ಎನ್ನುವ ಮಾತನ್ನು ಒಬ್ಬ ಡಾಕ್ಟರ ಬಾಯಲ್ಲಿ ಕೇಳಿದಾಗ ತನಗೆ ಹೇಗಾಯಿತೆಂದು ಸಣ್ಣಕ್ಕ ಆಮೇಲೆ ತುಂಬ ಜನರಿಗೆ ಹೇಳಿದ್ದಾಳೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತು, ಬಚ್ಚಲ ಕಲ್ಲಿನ ಮೇಲೆ ಕಳೆದ ದಿನಗಳನ್ನೆಲ್ಲ ನೆನೆದು, ಎದ್ದು ಸೀರೆ ಕೊಡವಿಕೊಂಡು, ಮಗಳ ಕೈ ಹಿಡಿದು ನೇರ ಪೇಟೆಗೆ ನಡೆದಳಂತೆ.

ಕೊಪ್ಪದ ಪೇಟೆಯಲ್ಲಿ ಸುಲೈಮಾನನದು ಕರ್ಟನ್ನು, ಸೋಫಾ ಬಟ್ಟೆ, ಹಾಸಿಗೆಯ ಅಂಗಡಿ. ಎಸ್ಟೇಟಿನವರು, ಹೋಂಸ್ಟೇಯವರು, ಶೃಂಗೇರಿಯ ಲಾಡ್ಜಿನವರು ಅಳತೆ ಕೊಟ್ಟು ಹೊಲಿಸುವುದು ಅಲ್ಲಿಯೇ. ಕೂಲಿಯವರು ಆ ಮೆಟ್ಟಿಲು ಹತ್ತುವುದು ಯಾರದೋ ಮನೆಗೆ ಗಂಟು ಹೊತ್ತೊಯ್ಯಲು ಬಂದಾಗ ಮಾತ್ರ. ಹಾಗಾಗಿ ಸುಲೈಮಾನ್ ನಗುತ್ತಲೇ, ಯಾವ ಮನೆಯಿಂದ ಬಂದದ್ದು, ಅಲ್ಲಿನ ಅಮ್ಮನವರು ಯಾವ ಬಣ್ಣ ಹೇಳಿದ್ದಾರೆ ಎಂದು ವಿಚಾರಿಸಿದ.

"ನಮ್ಮನೆಗೇ," ಎಂದಳು ಸಣ್ಣಕ್ಕ. "ಬಣ್ಣ ನಾನೇ ನೋಡ್ತೀನಿ."

ಅವನು ಪಾಪ, ನಾಚಿಕೊಂಡ. ಸ್ಟೂಲು ಹಾಕಿ ಕೂರಿಸಿ, ರೆಡಿಮೇಡ್ ಪರದೆಗಳನ್ನು ಬಿಡಿಸಿ ತೋರಿಸಿದ. ಒಂದೊಂದನ್ನೂ ಅವಳು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಕಡುಬಣ್ಣದವೂ ಬೆಳಕು ಬಿಟ್ಟವು. ಹೀಗಲ್ಲ, ಮಧ್ಯಾಹ್ನವೂ ಕೋಣೆ ಅಮಾವಾಸ್ಯೆ ಆಗಬೇಕು ಎಂದಳು. ಹಾಗಾದರೆ ನಿಮಗೆ ಬೇಕಾದದ್ದು ಬ್ಲ್ಯಾಕೌಟ್ ಎಂದು ಅವನು ಒಳಗಿನಿಂದ ಬೇರೆ ಥಾನು ತರಿಸಿದ. ರಾತ್ರಿ ಬಸ್ಸಿನಲ್ಲಿ ಬಂದ ಯಾತ್ರಿಕರು ಬೆಳಿಗ್ಗೆ ಮಲಗುತ್ತಾರೆಂದು ಲಾಡ್ಜಿನವರು ಹಾಕಿಸುವ ಬಟ್ಟೆ ಅದು. ಮೇಲೆ ನೋಡಲು ಮಾಮೂಲಿ, ಹಿಂದೆ ದಪ್ಪನೆಯ ಲೇಪ. ಅದರ ಹಿಂದೆ ಮೊಬೈಲಿನ ಟಾರ್ಚ್ ಹಿಡಿದು, ನೋಡಿ, ಒಂದು ಚುಕ್ಕೆ ಬೆಳಕೂ ಕಾಣುವುದಿಲ್ಲ ಎಂದು ತೋರಿಸಿದ.

"ಮೊಬೈಲ್ ಲೈಟು ನಂಗೆ ತಲೆನೋವು ಕೊಡಲ್ಲ ಅಣ್ಣ. ಬಿಸಿಲು ನಿಲ್ಲಿಸ್ತದಾ ನೋಡ್ಬೇಕು," ಎನ್ನುತ್ತ ಸಣ್ಣಕ್ಕ ಥಾನಿನಿಂದ ಕತ್ತರಿಸಿಟ್ಟಿದ್ದ ದೊಡ್ಡ ಸ್ಯಾಂಪಲ್ ತುಂಡನ್ನು ಎತ್ತಿಕೊಂಡು ಮೆಟ್ಟಿಲಿಳಿದಳು.

ಸೂರ್ಯ ನೆತ್ತಿಯ ಮೇಲಿದ್ದ. ಶೃಂಗೇರಿಗೆ ಹೋಗುವ ಖಾಸಗಿ ಬಸ್ಸು ಎದುರಿಗೇ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು. ಸಣ್ಣಕ್ಕ ರಸ್ತೆಯ ಅಂಚಿನಲ್ಲಿ, ನೆರಳಿಲ್ಲದ ಕಡೆ ನೋಡಿ ನಿಂತು, ಬಟ್ಟೆಯನ್ನು ತಲೆಯ ಮೇಲಿಂದ ಹೊದ್ದು, ಮುಖವೆತ್ತಿ ಸೂರ್ಯನ ಕಡೆ ತಿರುಗಿದಳು. ಆಮೇಲೆ ಅಂಚನ್ನು ಎತ್ತಿ ಹಿಡಿದು ಮಗಳನ್ನು ಕರೆದಳು. ಚೇತನಾ ಸುತ್ತಮುತ್ತ ನೋಡಿ, ಶಾಲೆಯವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ನುಸುಳಿದಳು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಹಣ್ಣಿನ ಗಾಡಿಯವನು ತೂಗುವುದನ್ನು ನಿಲ್ಲಿಸಿದ.

ಅದೇ ಹೊತ್ತಿಗೆ ಮೆಡಿಕಲ್ ಶಾಪಿನಿಂದ ನೀಲಾಂಬಿಕೆ ಇಳಿದು ಬಂದರು. ಸಣ್ಣಕ್ಕ ಕೆಲಸಕ್ಕೆ ಹೋಗುತ್ತಿದ್ದ ರಬ್ಬರ್ ತೋಟದ ಮಾಲೀಕ ಜಯಪ್ರಕಾಶರ ಹೆಂಡತಿ ಅವರು. ಬಟ್ಟೆಯ ಕೆಳಗೆ ಕಂಡ ಸೀರೆಯ ಅಂಚಿನಿಂದಲೇ ಗುರುತು ಹಿಡಿದು, ನಡುರಸ್ತೆಯಲ್ಲಿ ಇದೆಂತ ಮಾಡುತ್ತಿದ್ದೀಯ ಮಾರಾಯ್ತಿ ಎಂದು ಕೇಳಿದರು.

"ಕತ್ತಲೆ ನೋಡ್ತಿದೀನಿ ಅಮ್ಮ," ಎಂದು ಒಳಗಿನಿಂದಲೇ ಉತ್ತರ ಬಂತು.

ಹಿಂದಿನ ಸಣ್ಣಕ್ಕನಾಗಿದ್ದರೆ ಯಜಮಾನತಿಯ ದನಿ ಕೇಳಿದ ಕೂಡಲೇ ಬಟ್ಟೆ ಕಿತ್ತು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆ ದಿನ ಅಲ್ಲಾಡಲಿಲ್ಲ. ಬಸ್ಸು ಹೊರಟುಹೋಗುವವರೆಗೂ ತಾಯಿ ಮಗಳು ಹಾಗೆಯೇ ನಿಂತಿದ್ದರು. ಏನೂ ಕಾಣುವುದಿಲ್ಲ ಎಂದು ಮಗಳು ಪಿಸುಗುಟ್ಟಿದಳು. ಸಣ್ಣಕ್ಕ ಹೂಂಗುಟ್ಟಿದಳು.

ಬಣ್ಣದ ಮಾತು ಬಂದಾಗ ಸುಲೈಮಾನ್ ಕಾಫಿಪುಡಿ ಬಣ್ಣ ಸೂಚಿಸಿದ. ಮಣ್ಣುಕೈಯ ಮನೆ, ಕೊಳೆ ಗೊತ್ತಾಗುವುದಿಲ್ಲ ಎಂದ. ಸಣ್ಣಕ್ಕನ ಕಣ್ಣು ಮೇಲಿನ ಅಟ್ಟಣೆಯಲ್ಲಿದ್ದ ಕನಕಾಂಬರ ಬಣ್ಣದ ಮೇಲಿತ್ತು. ಅದು ಮದುವೆ ಛತ್ರದವರು ಕೇಳಿದ್ದ ಬಣ್ಣ, ಒಂದು ಕಲೆಯಾದರೂ ಎದ್ದು ಕಾಣುತ್ತದೆ ಎಂದು ಅವನು ಎಚ್ಚರಿಸಿದ. ಕಂಡರೆ ಒಗೆಯುತ್ತೇನೆ, ಒಗೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂದಳು. ಜನ್ಮದಲ್ಲಿ ಮೊದಲ ಸಲ ತನ್ನ ಕೋಣೆಗೆಂದು ತೆಗೆದುಕೊಳ್ಳುತ್ತಿರುವುದು, ಅದನ್ನೂ ಕೊಳೆಯ ಬಣ್ಣದಲ್ಲಿ ಯಾಕೆ ತೆಗೆದುಕೊಳ್ಳಲಿ ಎಂಬುದು ಅವಳ ವಾದ.

ಅಳತೆಗೆ ಮನೆಗೆ ಬಂದವಳು ಸುಲೈಮಾನನ ತಂಗಿ ಶಬಾನ. ಅಂಗಡಿಯ ಹೊಲಿಗೆಯೆಲ್ಲ ಅವಳದೇ. ಸ್ಕೂಟರಿನಲ್ಲಿ ಬಂದು, ಟೇಪು ತೆಗೆಯುವ ಮೊದಲು, ನೀವು ಎಲ್ಲಿ ಮಲಗುತ್ತೀರಿ, ಮಲಗಿ ತೋರಿಸಿ ಅಕ್ಕ ಎಂದಳು. ಸಣ್ಣಕ್ಕ ಮಂಚದ ಮೇಲೆ ಮಲಗಿದಳು. ಶಬಾನ ಪಕ್ಕದಲ್ಲಿ ಬಗ್ಗಿ, ಆ ತಲೆದಿಂಬಿನಿಂದ ಕಿಟಕಿ ಹೇಗೆ ಕಾಣುತ್ತದೆ ಎಂದು ನೋಡಿದಳು. ಕಿಟಕಿಯ ಅಳತೆಗೇ ಹೊಲಿದರೆ ಪಕ್ಕದಿಂದಲೂ ಮೇಲಿನಿಂದಲೂ ಬೆಳಕು ಇಣುಕುತ್ತದೆ. ಪರದೆಯ ಸರಳನ್ನು ಕಿಟಕಿಗಿಂತ ಒಂದು ಗೇಣು ಮೇಲೆ ಹಾಕಿ, ತುದಿಗಳನ್ನು ಗೋಡೆಗೆ ಬಾಗಿಸಿ, ಬಟ್ಟೆಯನ್ನು ನೆಲ ಮುಟ್ಟುವ ಹಾಗೆ ಬಿಡಬೇಕು ಎಂದು ವಿವರಿಸಿದಳು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಭೈರಮ್ಮನಿಗೆ ತಡೆಯಲಾಗಲಿಲ್ಲ. "ಹಾಡುಹಗಲಲ್ಲಿ ಮನೆ ಕತ್ತಲೆ ಮಾಡ್ಕೊಂಡು ಬಿದ್ಕೊಂಡ್ರೆ ಲಕ್ಷ್ಮಿ ಒಳಗೆ ಬತ್ತಾಳಾ?" ಎಂದಳು.

"ಲಕ್ಷ್ಮಿ ಬಾಗಿಲಲ್ಲಿ ಬತ್ತಾಳೆ ಅತ್ತೆ. ಕಿಟಕಿ ಹಾರಿ ಬರೋನು ಕಳ್ಳ," ಎಂದಳು ಸಣ್ಣಕ್ಕ, ಮಲಗಿದ್ದಲ್ಲಿಂದಲೇ.

ಶಬಾನ ಟೇಪನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು. ಭೈರಮ್ಮನಿಗೆ ಸೊಸೆ ತಿರುಗಿ ಮಾತಾಡಿದ್ದಕ್ಕಿಂತ ಮಲಗಿಕೊಂಡು ಮಾತಾಡಿದ್ದು ಹೆಚ್ಚು ಚುಚ್ಚಿತು. ಆ ದಿನ ಊಟಕ್ಕೆ ಅಡುಗೆಮನೆಗೆ ಬರಲಿಲ್ಲ. ಪುಟ್ಟಪ್ಪ ಸಂಜೆ ಬಂದಾಗ ತಾಯಿ ದೂರು ಹೇಳಿದಳು. ಅವನು ಕೇಳಿಸಿಕೊಂಡು ಮಿಷನ್ನಿನ ಬ್ಲೇಡು ಬಿಚ್ಚುತ್ತ ಕೂತ.

ಪರದೆ ಬಂತು. ಶಬಾನ ಬಂದು ತಾನೇ ಸಿಕ್ಕಿಸಿ, ಎಳೆದು ತೋರಿಸಿದಳು. ಆ ಕೋಣೆ ಸಣ್ಣಕ್ಕನ ಹಳೆಯ ಬಚ್ಚಲಿನಷ್ಟೇ ಕಪ್ಪಾಯಿತು, ಹೊಗೆಯ ವಾಸನೆ ಒಂದಿಲ್ಲ. ಮುಂದಿನ ಸಲ ನೋವು ಬಂದಾಗ ಅವಳು ಮಾತ್ರೆ ನುಂಗಿ, ಪರದೆ ಎಳೆದು, ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದಳು. ತಲೆನೋವಿನಲ್ಲಿ ಕಾಲು ಚಾಚಿ ಮಲಗಿದ್ದು ಅದೇ ಮೊದಲು.

ಊರು ಸುಮ್ಮನಿರಲಿಲ್ಲ. ರಸ್ತೆಯಿಂದಲೇ ಕಾಣುವ ಆ ಕಿಟಕಿ ಹಗಲು ಹೊತ್ತು ಮುಚ್ಚಿದ್ದರೆ ಜನ ನಿಂತು ನೋಡಿದರು. ಪುಟ್ಟಪ್ಪನ ಮನೆ ಲಾಡ್ಜ್ ಆಗಿದೆ ಎಂದು ಒಬ್ಬರು, ಒಳಗೆ ಏನೋ ಪೂಜೆ ನಡೆಸುತ್ತಾರೆ ಎಂದು ಇನ್ನೊಬ್ಬರು. ರಬ್ಬರ್ ತೋಟದ ಶೆಡ್ಡಿನಲ್ಲಿ ಜಯಪ್ರಕಾಶರು ಎಲ್ಲರೆದುರಿಗೆ, ಕರ್ಟನ್ ಆಯಿತು, ಇನ್ನು ಎ.ಸಿ. ಯಾವಾಗ ಎಂದು ನಗೆಯಾಡಿದರು. ಅಲ್ಲಿ ಸಣ್ಣಕ್ಕನ ಕೆಲಸ ರಬ್ಬರ್ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ ಶೀಟು ಒತ್ತುವುದು. ಆ ಹುಳಿ ವಾಸನೆಯೇ ಎಷ್ಟೋ ಸಲ ಅವಳ ತಲೆನೋವನ್ನು ಕೆರಳಿಸುತ್ತಿತ್ತು. ನಗೆಯಾಡಿದ ದಿನ ಅವಳು ಕೈ ತೊಳೆದುಕೊಂಡು ಬಂದು, ತಲೆ ಸರಿಯಿಲ್ಲದ ದಿನ ಇನ್ನು ಮುಂದೆ ಶೆಡ್ಡಿಗೆ ಬರುವುದಿಲ್ಲ, ತೋಟದ ಬೇರೆ ಕೆಲಸ ಕೊಡಿ ಎಂದು ಹೇಳಿದಳು. ಹಾಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು ಅವರು.

"ನೋಡ್ಕೊಳ್ಳಿ ಅಯ್ಯ," ಎಂದಳು ಸಣ್ಣಕ್ಕ. ತನ್ನ ಕತ್ತಿ, ಊಟದ ಡಬ್ಬಿ ಎತ್ತಿಕೊಂಡು ಬಂದಳು. ಮರುವಾರದಿಂದ ಮೆಣಸು ಬಿಡಿಸುವ ಒಂದು ಗುಂಪು ಸೇರಿಕೊಂಡಳು.

ಅಲ್ಲಿಯವರೆಗೆ ಸುಮ್ಮನಿದ್ದವನು ಯೋಗೇಶ ಒಬ್ಬನೇ. ಅವನು ಕಟ್ಟಿದ ಮನೆಗಳಲ್ಲಿ ಅವನಿಗೇ ಹೆಮ್ಮೆಯೆನಿಸಿದ್ದು ಅಣ್ಣನ ಮನೆ. ಹೊಸ ಗಿರಾಕಿಗಳಿಗೆ ಮಾದರಿ ತೋರಿಸಲು ಆಗಾಗ ಅಲ್ಲಿಗೇ ಕರೆತರುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ, ಶೃಂಗೇರಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಹರೀಶ ಎಂಬವರನ್ನೂ ಅವರ ಹೆಂಡತಿಯನ್ನೂ ಕಾರಿನಲ್ಲಿ ಕರೆದುಕೊಂಡು ಬಂದ. ಅವರು ಹೊಸ ಮನೆ ಕಟ್ಟಿಸುವವರಿದ್ದರು. ಸಣ್ಣಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪುಟ್ಟಪ್ಪ ಅಂಗಳದ ಮೂಲೆಯಲ್ಲಿ ಮಿಷನ್ನಿನ ಕಾರ್ಬ್ಯುರೇಟರ್ ಬಿಚ್ಚಿ ಹರಡಿಕೊಂಡಿದ್ದ. ಒಳಕೋಣೆಯಲ್ಲಿ ಪರದೆ ಎಳೆದುಕೊಂಡು ಚೇತನಾ ಮಲಗಿದ್ದಳು. ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಗಿತ್ತು.

ಹುಡುಗಿ ಮಲಗಿದ್ದಾಳೆ ಎಂದು ಭೈರಮ್ಮ ಹೇಳಿದಳಂತೆ. ಹತ್ತೇ ನಿಮಿಷ ಎಂದು ಯೋಗೇಶ ಒಳಗೆ ಹೋದ. ಪರದೆ ಸರಿಸಿದರೆ ಸಾಕಿತ್ತು. ಆದರೆ ಕಿಟಕಿ ಪೂರ್ತಿ ಕಾಣಲೆಂದು ಎರಡೂ ಪರದೆಗಳನ್ನು ಸರಳಿನ ಕೊಕ್ಕೆಗಳಿಂದ ಬಿಚ್ಚಿ ಕುರ್ಚಿಯ ಮೇಲೆ ಎಸೆದು, ಗಾಜನ್ನು ಸರ್ರನೆ ಎಳೆದ. ಪಡುವಣ ಬಿಸಿಲು ನೇರ ಮಂಚದ ಮೇಲೆ ಬಿತ್ತು. ಚೇತನಾ ತಲೆದಿಂಬನ್ನು ಮುಖಕ್ಕೆ ಒತ್ತಿಕೊಂಡು ಗೋಡೆಗೆ ಹೊರಳಿದಳು. ಈಗಿನ ಮಕ್ಕಳು, ರಜೆ ಸಿಕ್ಕರೆ ಏಳುವುದಿಲ್ಲ ಎಂದು ಯೋಗೇಶ ಗಿರಾಕಿಗೆ ಹೇಳಿ, ಕಿಟಕಿಯ ಅಗಲ ವಿವರಿಸತೊಡಗಿದ.

ಗಾಜು ಸರಿದ ಸದ್ದು ಹಿತ್ತಲಿಗೆ ಕೇಳಿತು. ಸಣ್ಣಕ್ಕ ಸೋಪಿನ ಕೈಯಲ್ಲೇ ಓಡಿಬಂದಳು. ಮೊದಲು ಹೋಗಿ ಮಗಳಿಗೂ ಕಿಟಕಿಗೂ ನಡುವೆ ನಿಂತಳು, ತನ್ನ ನೆರಳು ಹುಡುಗಿಯ ಮುಖದ ಮೇಲೆ ಬೀಳುವ ಹಾಗೆ. ಆಮೇಲೆ ಪರದೆ ಯಾರು ಬಿಚ್ಚಿದ್ದು ಎಂದು ಕೇಳಿದಳು.

"ನಾನೇ ಅತ್ತಿಗೆ. ಬೆಳಕು ಹೆಂಗೆ ಬೀಳ್ತದೆ ಅಂತ ಇವರಿಗೆ ತೋರಿಸ್ತಿದೀನಿ. ಆಮೇಲೆ ಹಾಕಿದ್ರಾಯ್ತು."

"ಆಮೇಲಲ್ಲ. ಈಗ ಹಾಕು."

ಗಿರಾಕಿಯ ಎದುರಿಗೆ ಹೀಗೆ ಹೇಳಿಸಿಕೊಂಡು ಯೋಗೇಶನ ಮುಖ ಕೆಂಪೇರಿತು. ಈ ಕಿಟಕಿಗಾಗಿ ತಾನು ಪಟ್ಟ ಪಾಡೇನು, ಇಡೀ ಸೀತೂರಿನಲ್ಲಿ ಇಂಥ ಬೆಳಕಿನ ಮನೆ ಇನ್ನೊಂದಿದೆಯೇ, ಅದಕ್ಕೆ ಬಟ್ಟೆ ಮುಚ್ಚಿ ತನ್ನ ಮರ್ಯಾದೆ ಕಳೆದದ್ದಲ್ಲದೆ ಈಗ ಅಧಿಕಾರ ಬೇರೆ ನಡೆಸುವುದೇ ಎಂದು ದನಿಯೇರಿಸಿದ. ಕೊನೆಗೆ, "ತಲೆನೋವಂತೆ ತಲೆನೋವು. ಮದುವೆಯಾದಾಗಿನಿಂದ ಇದೇ ನಾಟಕ. ಈಗ ಮಗಳಿಗೂ ಕಲಿಸಿದೀಯ," ಎಂದ.

ಸಣ್ಣಕ್ಕ ಕೂಗಲಿಲ್ಲ. ಕೂಗಿದರೆ ಮಗಳ ತಲೆ ಇನ್ನಷ್ಟು ಸಿಡಿಯುತ್ತದೆಂದು ಅವಳಿಗೆ ಗೊತ್ತಿತ್ತು. ಕೋಣೆಯಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ತಗ್ಗಿದ ದನಿಯಲ್ಲಿ ಮಾತಾಡಿದಳು.

"ದನಿ ಇಳಿಸು ಯೋಗೇಶ. ಅವಳಿಗೆ ಸದ್ದು ಆಗಲ್ಲ. ಮನೆ ಕಟ್ಟಿದ್ದು ನೀನು, ನಿನ್ನ ಋಣ ಇದೆ, ಇಲ್ಲ ಅನ್ನಲ್ಲ. ಆದ್ರೆ ಈ ಕಿಟಕಿ ಕೆಳಗೆ ಮಲಗೋದು ನಾವು. ನಂಗೆ ನಾಟಕ ಅಂದ್ರಿ, ಸೋಮಾರಿ ಅಂದ್ರಿ, ದಾರ ಕಟ್ಟಿದ್ರಿ. ಎಲ್ಲ ನುಂಗ್ಕೊಂಡೆ. ನುಂಗಿದ್ದೇ ತಪ್ಪಾಯ್ತು, ನನ್ನ ಮಗಳು ಮಂಚದ ಕೆಳಗೆ ಸೇರ್ಕೊಂಡ್ಳು. ಇನ್ನು ಇವಳಿಗೆ ಆ ಮಾತು ಹೇಳೋಕೆ ಈ ಮನೇಲಿ ಯಾರಿಗೂ ಬಿಡಲ್ಲ. ನಿಂಗೂ ಬಿಡಲ್ಲ, ನಿಮ್ಮಮ್ಮಂಗೂ ಬಿಡಲ್ಲ."

ಬಳಿಕ ಹರೀಶರ ಕಡೆ ತಿರುಗಿ, ಬೇಜಾರು ಮಾಡಿಕೊಳ್ಳಬೇಡಿ, ಜಗಲಿಯಲ್ಲಿ ಕೂತಿರಿ, ಕಾಫಿ ತರುತ್ತೇನೆ, ಈ ಕೋಣೆಯನ್ನು ಮಾತ್ರ ಇವತ್ತು ನೋಡುವ ಹಾಗಿಲ್ಲ ಎಂದಳು. ಹರೀಶ ಆಗಲೇ ಬಾಗಿಲಾಚೆ ಇದ್ದರು. ಅವರ ಹೆಂಡತಿ ಹೋಗುವ ಮುನ್ನ ಗಾಜನ್ನು ಸದ್ದಾಗದ ಹಾಗೆ ಮುಚ್ಚಿ ಹೋದರು.

ಹೊರಗಿನವರ ಮುಂದೆ ಗಂಡನ ತಮ್ಮನನ್ನು ಹೀಗೆ ಅವಮಾನ ಮಾಡುತ್ತಾಳಲ್ಲ ಎಂದು ಭೈರಮ್ಮ ಎದೆಗೆ ಕೈಯಿಟ್ಟುಕೊಂಡು ಮಗನನ್ನು ಕೂಗಿದಳು. ಪುಟ್ಟಪ್ಪ ಬಂದ. ಕೈಯೆಲ್ಲ ಎಣ್ಣೆ. ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿದ, ಗೋಡೆಗೆ ಮುಖ ಮಾಡಿ ನಡುಗುತ್ತಿದ್ದ ಮಗಳನ್ನು ನೋಡಿದ. ಹೊರಗೆ ಹೋಗಿ ಕೈ ತೊಳೆದು, ಸೊಂಟದ ಟವೆಲಿನಿಂದ ಚೆನ್ನಾಗಿ ಒರೆಸಿಕೊಂಡು, ಅಡುಗೆಮನೆಯ ಸ್ಟೂಲು ಎತ್ತಿಕೊಂಡು ಬಂದು ಕಿಟಕಿಯ ಕೆಳಗಿಟ್ಟ. ಸಣ್ಣಕ್ಕನಿಗೆ ಏನು ನಡೆಯುತ್ತಿದೆ ಎಂದು ತಿಳಿಯುವಷ್ಟರಲ್ಲಿ ಅವನು ಸ್ಟೂಲು ಹತ್ತಿದ್ದ.

"ಅಣ್ಣಾ, ನೀನೂನಾ?" ಎಂದ ಯೋಗೇಶ.

"ಪರದೆ ಕೊಡು ಇಲ್ಲಿ," ಎಂದು ಪುಟ್ಟಪ್ಪ ತಮ್ಮನ ಕಡೆಗೇ ಕೈ ಚಾಚಿದ.

ಯೋಗೇಶ ಕೊಡಲಿಲ್ಲ. ಕಾರಿನ ಕೀಲಿ ಹಿಡಿದು ಹೊರಟುಹೋದ. ಸಣ್ಣಕ್ಕ ಪರದೆ ಎತ್ತಿ ಕೊಟ್ಟಳು. ಪುಟ್ಟಪ್ಪನಿಗೆ ಆ ಕೊಕ್ಕೆಗಳ ಅಭ್ಯಾಸವಿಲ್ಲ. ಒಂದೊಂದನ್ನೂ ತಡಕಾಡಿ ಸಿಕ್ಕಿಸಿದ. ಕೋಣೆ ತುದಿಯಿಂದ ತುದಿಗೆ ಸ್ವಲ್ಪ ಸ್ವಲ್ಪವಾಗಿ ಕಪ್ಪಾಗುತ್ತ ಬಂತು. ಕೊನೆಯ ಕೊಕ್ಕೆ ಹಾಕಿ ಇಳಿದವನು ಸ್ಟೂಲನ್ನು ಸದ್ದಿಲ್ಲದೆ ಎತ್ತಿಕೊಂಡು ಹೋದ. ಅವಳ ಪರವಾಗಿ ಅವನು ಮಾಡಿದ್ದು ಅಷ್ಟೇ. ಮದುವೆಯಾಗಿ ಅಷ್ಟು ವರ್ಷಕ್ಕೆ ಅದೇ ಮೊದಲು ಎಂದು ಹೇಳುವಾಗ ಸಣ್ಣಕ್ಕನ ದನಿಯಲ್ಲಿ ಕೃತಜ್ಞತೆಯೂ ಇರುತ್ತದೆ, ಆಕ್ಷೇಪವೂ ಇರುತ್ತದೆ.

ಹರೀಶರ ಮನೆಯ ಕೆಲಸ ಯೋಗೇಶನಿಗೆ ಸಿಗಲಿಲ್ಲ. ಅದಕ್ಕೆ ಕಾರಣ ಆ ಮಧ್ಯಾಹ್ನವೋ ಬೇರೆಯೋ ಯಾರಿಗೂ ಗೊತ್ತಿಲ್ಲ, ಆದರೆ ಅವನು ಅತ್ತಿಗೆಯ ತಲೆಗೇ ಕಟ್ಟಿದ. ಆ ವರ್ಷ ದೀಪಾವಳಿಗೆ ಬರಲಿಲ್ಲ. ಈಗ ಬರುತ್ತಾನೆ, ತಾಯಿಗೆ ಮಾತ್ರೆ ತಂದುಕೊಟ್ಟು ಜಗಲಿಯಲ್ಲೇ ಕೂತು ಹೋಗುತ್ತಾನೆ. ಸಣ್ಣಕ್ಕ ಕಾಫಿ ಕೊಡುತ್ತಾಳೆ, ಕುಡಿಯುತ್ತಾನೆ. ಕ್ಷಮೆ ಕೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ನೆಂಟರೊಬ್ಬರು ಅವಳಿಗೆ ಹೇಳಿದರು. ಮನಸ್ಸಿಗೆ ಬೇಜಾರಿದೆ, ಆದರೆ ತಪ್ಪು ಮಾಡಿದೆ ಎನ್ನಿಸಿಲ್ಲ, ಅನ್ನಿಸದೆ ಹೇಗೆ ಕೇಳಲಿ ಎಂದಳು ಅವಳು.

ಭೈರಮ್ಮ ಸೋಲಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿ ಪರದೆ ಸರಿಸುತ್ತಾಳೆ. ಒಳಗೆ ಯಾರೂ ಮಲಗಿರದಿದ್ದರೆ ಸಣ್ಣಕ್ಕ ಸುಮ್ಮನಿರುತ್ತಾಳೆ, ಮಲಗಿದ್ದರೆ ಎದ್ದು ಬಂದು ಮತ್ತೆ ಎಳೆಯುತ್ತಾಳೆ. ಆದರೆ ನಾಟಕ ಎನ್ನುವ ಮಾತು ಆ ಮುದುಕಿಯ ಬಾಯಿಂದ ಆಮೇಲೆ ಬಂದಿಲ್ಲ.

ಸಣ್ಣಕ್ಕ ಚೇತನಾಳ ಶಾಲೆಗೂ ಹೋಗಿದ್ದಳು. ನೋವು ಬಂದ ದಿನ ಮಗಳನ್ನು ಬೆಂಚಿನ ಮೇಲೆ ಕೂರಿಸಿ ಗದರಿಸುವ ಬದಲು, ಕಿಟಕಿ ಮುಚ್ಚಬಹುದಾದ ಯಾವುದಾದರೂ ಕೋಣೆಯಲ್ಲಿ ಮಲಗಿಸಿ ಎಂದು ಕೇಳಿದಳು. ಹೀಗೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ತಲೆನೋವು ಬರುತ್ತದೆ ಎಂದರು ಮೇಷ್ಟ್ರು. ತಲೆನೋವು ಬಂದವರನ್ನೆಲ್ಲ ಡಾಕ್ಟರ ಹತ್ತಿರ ಕಳಿಸಿ, ಇವಳನ್ನು ತೋರಿಸಿ ಆಗಿದೆ ಎಂದು ಸಣ್ಣಕ್ಕ ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂತುಬಿಟ್ಟಳು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಅವರು ಆಟದ ಸಾಮಾನು ಇಡುವ ಕೋಣೆಯ ಕೀಲಿಯನ್ನು ಚೇತನಾಳಿಗೆ ಕೊಡಲು ಒಪ್ಪಿದರು.

ಪರದೆಯಿಂದ ನೋವು ವಾಸಿಯಾಗಿಲ್ಲ. ತಿಂಗಳಿಗೊಮ್ಮೆಯೋ ಎರಡು ಸಲವೋ ಈಗಲೂ ಬರುತ್ತದೆ; ತಾಯಿ ಮಗಳಿಗೆ ಒಂದೇ ದಿನ ಬಂದದ್ದೂ ಇದೆ. ಮಾತ್ರೆ ಕೆಲವು ಸಲ ಹಿಡಿಯುತ್ತದೆ, ಕೆಲವು ಸಲ ಇಲ್ಲ. ಹೋದ ವಾರ ಮೆಣಸಿನ ಗುಂಪಿನ ಹೆಂಗಸೊಬ್ಬಳು ಮಧ್ಯಾಹ್ನದ ಹೊತ್ತಿನಲ್ಲಿ ಮನೆಯ ಮುಂದೆ ಬಂದು ಸಣ್ಣಕ್ಕಾ ಎಂದು ಕೂಗಿದಳು. ಬಾಗಿಲು ತೆರೆದಿತ್ತು, ಯಾರೂ ಕಾಣಲಿಲ್ಲ. ಮನೆಯಲ್ಲಿ ಇಲ್ಲವೇನೋ ಎಂದು ತಿರುಗಿ ಹೊರಟಾಗ ಕನಕಾಂಬರ ಬಣ್ಣದ ಪರದೆಯ ಹಿಂದಿನಿಂದ ದನಿ ಬಂತು.

"ಇದೀನಿ ಮಾರಾಯ್ತಿ, ಮಲಗಿದೀನಿ. ಈಗ ಏಳಲ್ಲ."